ಹಾಜರಿ ಪುಸ್ತಕದಲ್ಲಿ ಅಕ್ಕ

ಕುರ್ಚಿ ಬಾಡಿಗೆ ಅಂಗಡಿಯ ಹಿಂದಿನ ಕೋಣೆ
ಸೆಪ್ಟೆಂಬರ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಗಳ ಮನೆಯಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯೇ? ಮಂಡಿನೋವು ಹೇಗಿದೆ? ಮನೆ ಮೂರನೆಯ ಮಹಡಿಯಂತೆ. ಮೆಟ್ಟಿಲು ಹತ್ತುವಾಗ ನನ್ನನ್ನು ಬಯ್ದುಕೊಂಡು ಹತ್ತು, ದಣಿವು ಗೊತ್ತಾಗುವುದಿಲ್ಲ. ಬಯ್ಯಲು ಕಾರಣ ಈ ಕಾಗದದಲ್ಲೇ ಇದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನನ್ನ ಬಾಯಿ ನನಗಿಂತ ಜಾಣ, ಜಾರಿಕೊಳ್ಳುತ್ತದೆ.

ನಿಮ್ಮ ಬೀದಿಯ ನೀರು ಪೂರ್ತಿ ಇಳಿದಿದೆ. ನಿನ್ನ ಹೊಲಿಗೆ ಅಂಗಡಿ ತೆಗೆಸಿ ಕೆಸರು ಬಳಿಸಿದೆ. ಒಂದು ಮೆಷಿನ್ನು ತಿರುಗುತ್ತಿದೆ, ಇನ್ನೊಂದು ಮುನಿಸಿಕೊಂಡಿದೆ. ಬೀದಿಯವರೂ ಹಾಗೆಯೇ. ಇಸ್ತ್ರಿ ಅಂಗಡಿಯವನು ಮೊನ್ನೆ ನನ್ನೆದುರೇ, "ನಿಮ್ಮಕ್ಕಂಗೆ ಮೂರು ದಿನ ಟ್ರೈನಿಂಗ್ ಕೊಟ್ಟಿದ್ರಂತಲ್ರೀ, ಮೆಸೇಜೂ ಬಂದಿತ್ತಂತೆ. ಹೋಗಿ ಮೋರಿ ಬಾಗಿಲು ಹಾಕೋಕೆ ಏನಾಗಿತ್ತು?" ಎಂದ. ನಾನು ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಆ ತರಬೇತಿಯ ಕಥೆ ಕೇಳು. ಹವಾಮಾನ ಕೆಟ್ಟಿದೆ, ನಮ್ಮಂಥ ದೇಶಗಳ ಜನ ಅದಕ್ಕೆ ಹೊಂದಿಕೊಳ್ಳುವುದನ್ನು ಕಲಿಯಬೇಕು ಎಂದು ಹೊರಗಿನಿಂದ ಒಂದು ಯೋಜನೆ ಬಂತು. ಸಾಮರ್ಥ್ಯ ವೃದ್ಧಿ ಎಂದು ಅದರ ಹೆಸರು. ಕುರ್ಚಿ ಬಾಡಿಗೆಗೆ ಕೊಡುತ್ತಿದ್ದ ನಾನು, ಕುರ್ಚಿಯಲ್ಲಿ ಕೂರುವವರನ್ನೂ ಕರೆತರುತ್ತೇನೆಂದು ಒಪ್ಪಿಕೊಂಡೆ. ಬೀದಿಗೊಬ್ಬರಂತೆ ಅರವತ್ತು ಜನ. ನದಿ ಏರಿದರೆ ಅವರ ಫೋನಿಗೆ 'ಹಂತ ಮೂರು' ಎಂದು ಬರುತ್ತದೆ. ಬಂದ ಕೂಡಲೇ ಹೋಗಿ ಚಕ್ರ ತಿರುಗಿಸಿ ಮೋರಿಯ ಕಬ್ಬಿಣದ ಬಾಗಿಲು ಮುಚ್ಚಬೇಕು. ಇಲ್ಲದಿದ್ದರೆ ನದಿಯ ನೀರು ಮೋರಿಯಲ್ಲೇ ಹಿಂದಕ್ಕೆ ಹರಿದು ಬೀದಿಗೆ ನುಗ್ಗುತ್ತದೆ. ಇಂಜಿನಿಯರ್ ಹುಡುಗಿ ಬಹಳ ಚೆನ್ನಾಗಿ ಹೇಳಿಕೊಟ್ಟಳು, ನನಗೇ ಅರ್ಥವಾಯಿತೆಂದರೆ ನೋಡು. ಆದರೆ ಬಂದವರು ನಲವತ್ತೊಂದೇ ಜನ. ಯೋಜನೆಯ ಮೇಡಂ ಹಾಜರಿ ಪುಸ್ತಕ ನೋಡಿ, "ಅರವತ್ತು ತಲೆ ಇಲ್ದೆ ನನ್ ವರದಿ ಮೇಲಕ್ಕೆ ಹೋಗಲ್ಲ" ಎಂದರು. ಉಳಿದ ಹತ್ತೊಂಬತ್ತು ತಲೆಗಳನ್ನು ನಾನು ಒಂದು ಲೋಟ ಟೀ ಆರುವುದರೊಳಗೆ ತುಂಬಿಸಿದೆ. ನಿಮ್ಮ ಬೀದಿಗೆ ನಿನ್ನ ಹೆಸರು, ನಿನ್ನ ನಂಬರು, ಮೂರು ದಿನಕ್ಕೆ ಮೂರು ಸಹಿ. ನನ್ನ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಕೊಡುತ್ತಿದ್ದವಳು ನೀನು, ವಿದ್ಯೆ ಮನೆಯದೇ. ಒಂದು ಸಂಜೆ ಬಂದು ನಿನಗೆ ಆ ಚಕ್ರ ತೋರಿಸೋಣ ಎಂದುಕೊಂಡೆ. ಎಂಟು ತಿಂಗಳು ಎಂದುಕೊಳ್ಳುತ್ತಲೇ ಇದ್ದೆ. ಹಾಳೆಯ ಮೇಲೆ ಅರವತ್ತು ಬೀದಿ ಸಿದ್ಧವಾಗಿದ್ದವು. ನದಿಗೆ ಓದು ಬರುವುದಿಲ್ಲ.

ಮೆಸೇಜು ಬಂದಾಗ ನೀನು ಯಾವುದೋ ಜಾಹೀರಾತೆಂದು ಅಳಿಸಿಹಾಕಿದೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ನಿನ್ನೆ ನಿನ್ನ ಮಗಳು ಫೋನ್ ಮಾಡಿದ್ದಳು. "ಮಾಮಾ, ಅಮ್ಮಂಗೆ ಮರೆವು ಶುರುವಾಗಿದೆ. ಹಾಜರಿ ಪುಸ್ತಕದ ಫೋಟೋ ನೋಡಿ ಸಹಿ ತನ್ನದೇ ಅಂತಾಳೆ, ಹೋಗಿದ್ದು ಮಾತ್ರ ನೆನಪಿಲ್ವಂತೆ. ಸೋಮವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಇನ್ಮೇಲೆ ಕತ್ತರಿ ಮುಟ್ಟಲ್ಲ, ಅಂಗಡಿ ಬಿಟ್ಕೊಟ್ಬಿಡ್ತೀನಿ ಅಂತ ಕೂತಿದಾಳೆ" ಎಂದಳು. ಅಕ್ಕಾ, ನಿನಗೆ ಮರೆವಿಲ್ಲ. ನೀನು ಹೋಗಿರಲೇ ಇಲ್ಲ.

ಇವತ್ತು ಬೆಳಿಗ್ಗೆ ಮೇಡಂ ಎದುರು ಕೂತು ಹತ್ತೊಂಬತ್ತು ಹೆಸರಿಗೂ ಗೀಟು ಎಳೆದೆ. ಇನ್ನು ಆ ಕೆಲಸ ನನಗೆ ಸಿಗುವುದಿಲ್ಲ, ಕುರ್ಚಿಗಳಂತೂ ಇವೆ. ಇಂಜಿನಿಯರ್ ಹುಡುಗಿ ನಾಳೆಯಿಂದ ಆ ಬೀದಿಗಳಿಗೆ ತಾನೇ ಹೋಗುತ್ತಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇಸ್ತ್ರಿಯವನಿಗೂ ಹೇಳಿದೆ. ತಲೆ ಎತ್ತದೆ ಒಂದು ಅಂಗಿ ಪೂರ್ತಿ ಮುಗಿಸಿದ. ಆಮೇಲೆ, "ಅಕ್ಕಂಗೆ ಹೇಳಿದ್ಯಾ?" ಎಂದ.

ಅಳಿಯಂದಿರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ನೀನು ಬಾಗಿಲು ತೆಗೆದರೆ ಮುಂದಿನ ವಾರ ಬಂದು ನಿಲ್ಲುತ್ತೇನೆ.

ನಿನ್ನ ತಮ್ಮ

ಮತ್ತೊಂದು ಮಾತು: ಅಲ್ಲಿಗೆ ಹೊರಟ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀರು ನುಗ್ಗಿದ ಮರುದಿನ ನೀನು ಫೋನಿನಲ್ಲಿ, "ನಾನು ಆ ಟ್ರೈನಿಂಗಿಗೆ ಬಂದಿದ್ನೇನೋ? ನಿಜ ಹೇಳು" ಎಂದು ಕೇಳಿದೆ. ನಾನು, "ಬಂದಿದ್ಯಲ್ಲಕ್ಕಾ, ಮುಂದಿನ ಸಾಲಲ್ಲೇ ಕೂತಿದ್ದೆ. ಚಕ್ರಕ್ಕೆ ಎಣ್ಣೆ ಯಾರು ಹಾಕ್ತಾರೆ ಅಂತ ಕೇಳಿ ಎಲ್ರನ್ನೂ ನಗಿಸಿದ್ದೆ" ಎಂದೆ. ಆ ಪ್ರಶ್ನೆ ಕೇಳಿ ನಗಿಸಿದ್ದು ನಿಜವಾಗಿ ಹಾಲಿನ ಅಂಗಡಿಯವಳು. ಈಗ ಆ ನಗು ನಿನಗೆ ಸ್ವಲ್ಪ ಸ್ವಲ್ಪ ನೆನಪಾಗುತ್ತಿದೆಯೆಂದು ನಿನ್ನ ಮಗಳು ಖುಷಿಯಿಂದ ಹೇಳಿದಳು. ಅದು ನೆನಪಲ್ಲ ಅಕ್ಕಾ, ನಾನು ಕೊಟ್ಟಿದ್ದು. ಡಾಕ್ಟರ್ ಏನಾದರೂ ಬರೆಯುವ ಮೊದಲು ಅವರಿಗೆ ಈ ಕಾಗದ ತೋರಿಸು.