ಸುಟ್ಟ ತುದಿಯ ಟೇಪು

ಮನೆಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ, ಕೆಲಸದವರು ಊಟಕ್ಕೆ ಹೋದ ಹೊತ್ತು

ನನ್ನ ಮುದ್ದು ಸೊಸೆಗೆ ನಿನ್ನ ಅತ್ತೆಯ ಪ್ರೀತಿಯ ಆಶೀರ್ವಾದ.

ಹೇಗಿದ್ದೀಯ? ಬೆನ್ನಿನ ಹುಣ್ಣು ಒಣಗಿತೇ? ರಾತ್ರಿ ಮಗ್ಗುಲು ಬದಲಿಸಲು ಆ ಪುನರ್ವಸತಿ ಕೇಂದ್ರದ ನರ್ಸಮ್ಮ ಕರೆದ ಕೂಡಲೇ ಬರುತ್ತಾಳೋ, ಕರೆದು ಕರೆದು ನಿನಗೇ ನಿದ್ದೆ ಹತ್ತುತ್ತದೋ? ನಾನು ಕೇಳಿದರೆ ನೀನು "ಎಲ್ಲಾ ಚೆನ್ನಾಗಿದೆ ಅತ್ತೆ" ಅನ್ನುತ್ತೀಯ. ಚೆನ್ನಾಗಿರುವುದು ಹಾಗೇ ಇರಲಿ, ಉಳಿದದ್ದನ್ನು ಬರೆ. ಇವತ್ತು ಬೆಳಗಿನ ಜಾವ ನನಗೊಂದು ಕೆಟ್ಟ ಕನಸು ಬಿತ್ತು. ಕನಸಿನಲ್ಲಿ, ನಿನಗಾಗಿ ಕಟ್ಟಿಸುತ್ತಿರುವ ಹೊಸ ಅಡುಗೆಮನೆ ಮುಗಿದಿದೆಯಂತೆ. ಗೋಡೆಗೆಲ್ಲ ಬಿಳಿ ಟೈಲ್ಸು, ಮುಖ ಕಾಣುವಷ್ಟು ಹೊಳಪು. ನೀನು ಗಾಲಿಕುರ್ಚಿ ಉರುಳಿಸಿಕೊಂಡು ಒಳಗೆ ಬಂದೆ. ಕಟ್ಟೆ ಎಲ್ಲಿ ಅಂತ ನೋಡಿದರೆ ನೆಲದಿಂದ ಒಂದು ಗೇಣು ಮೇಲಿದೆ, ಪುಟ್ಟಿ ಆಟದ ಸಾಮಾನು ಜೋಡಿಸಿಟ್ಟ ಹಾಗೆ. ನೀನು ಬಗ್ಗಿ ನೋಡಿ, ನಗದೆ ಅಳದೆ, "ಅತ್ತೆ, ಇದು ಗೊಂಬೆಗಳಿಗಾಯ್ತು, ನಂದೆಲ್ಲಿ?" ಅಂದೆ. ನಾನು ಮೇಸ್ತ್ರಿಯನ್ನು ಕೂಗೋಣ ಅಂದರೆ ನನ್ನ ಬಾಯಿ ತುಂಬ ಸಿಮೆಂಟು. ಎಚ್ಚರವಾದಾಗ ನಿನ್ನ ಗಂಡ ನೀರಿನ ಲೋಟ ಹಿಡಿದು ನಿಂತಿದ್ದ. "ಅಮ್ಮ, ಕನಸಲ್ಲಾದ್ರೂ ಕೆಲಸದವರಿಗೆ ರಜಾ ಕೊಡು" ಅಂದ. ಅವನಿಗೇನು, ತಲೆ ದಿಂಬಿಗೆ ತಾಗಿದರೆ ಕಲ್ಲು ಬಿದ್ದ ಹಾಗೆ ನಿದ್ದೆ.

ಪುಟ್ಟಿ ಚೆನ್ನಾಗಿದ್ದಾಳೆ. ಮನೆಯಲ್ಲಿ ಎಲ್ಲಿ ಕೈ ಇಟ್ಟರೂ ಧೂಳು. ಅವಳು ಊಟದ ಮೇಜಿನ ಧೂಳಿನ ಮೇಲೆ ಬೆರಳಲ್ಲಿ ಮನೆಲೆಕ್ಕ ಮಾಡುತ್ತಾಳೆ, ತಪ್ಪಾದರೆ ಅಂಗೈಯಲ್ಲಿ ಒರೆಸುತ್ತಾಳೆ, ಆ ಅಂಗೈಯನ್ನು ಯೂನಿಫಾರ್ಮಿಗೆ ಒರೆಸುತ್ತಾಳೆ. ನಾನು ಮುಂದಿನ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಒಲೆ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದೇನೆ. ಉಪ್ಪಿನ ಡಬ್ಬ ಹಾಸಿಗೆಯ ಹತ್ತಿರ, ಸೌಟು ಪುಸ್ತಕದ ಕಪಾಟಿನಲ್ಲಿ. ನಿನ್ನ ಹೊಲಿಗೆ ಮಿಶನ್ನಿಗೆ ಒಂದು ಪ್ಲಾಸ್ಟಿಕ್ಕು, ಅದರ ಮೇಲೆ ಎರಡು ಬೆಡ್‌ಶೀಟು ಹೊದಿಸಿ ಮೂಲೆಗೆ ತಳ್ಳಿದ್ದೇನೆ. ಆದರೂ ಒಳಗೆ ಧೂಳು ಹೋಗಿರುತ್ತದೆ ಅಂತ ನನಗೆ ಅನುಮಾನ. ದಿನಾ ಒಂದು ಸಲ ಬೆಡ್‌ಶೀಟಿನ ಮೇಲಿಂದಲೇ ತಟ್ಟಿ ನೋಡುತ್ತೇನೆ. ತಟ್ಟಿದರೆ ಏನು ಗೊತ್ತಾಗುತ್ತದೆ ಅಂತ ಕೇಳಬೇಡ.

ಮೇಸ್ತ್ರಿ ಕೆಟ್ಟವನಲ್ಲ, ಕೈ ಚೆನ್ನಾಗಿದೆ. ಆದರೆ ಏನು ಕೇಳಿದರೂ "ಆಯ್ತಮ್ಮ" ಅನ್ನುತ್ತಾನೆ. ಮಾಡಿದ್ದಕ್ಕೂ ಆಯ್ತು, ಮಾಡಬೇಕಾದದ್ದಕ್ಕೂ ಆಯ್ತು, ಮರೆತದ್ದಕ್ಕೂ ಆಯ್ತು. ನಾವು ಅವನಿಗೆ ಆಯ್ತು ಮೇಸ್ತ್ರಿ ಅಂತಲೇ ಹೆಸರಿಟ್ಟಿದ್ದೇವೆ. ಬಚ್ಚಲ ಬಾಗಿಲು ಅಗಲ ಮಾಡಿದಿರಾ ಅಂದರೆ ಆಯ್ತಮ್ಮ ಅಂದ. ಹೋಗಿ ನೋಡಿದರೆ ಬಾಗಿಲು ಹೇಗಿತ್ತೋ ಹಾಗೇ ನಿಂತಿದೆ. ಈಗ ಮಾಡಿದ್ದಾನೆ ಬಿಡು. ಹೊಸ್ತಿಲು ತೆಗೆದು ನೆಲ ಸಮ ಮಾಡಿದ್ದಾನೆ, ದೀಪದ ಸ್ವಿಚ್ಚುಗಳನ್ನೆಲ್ಲ ಕುರ್ಚಿಯಲ್ಲಿ ಕೂತರೆ ಕೈಗೆ ಸಿಗುವ ಹಾಗೆ ಇಳಿಸಿದ್ದಾನೆ. ಇಲ್ಲದ ಹೊಸ್ತಿಲನ್ನು ನಾನು ಇವತ್ತಿಗೂ ಕಾಲೆತ್ತಿ ದಾಟುತ್ತೇನೆ. ಪುಟ್ಟಿ ನನ್ನ ಹಿಂದೆ ಹಾಗೇ ಕಾಲೆತ್ತಿಕೊಂಡು ಬಂದು ಅಣಕಿಸುತ್ತಾಳೆ.

ಹಳೇ ಕಟ್ಟೆ ಒಡೆದ ದಿನ ನಾನು ಒಳಗೆ ಇರಲಿಲ್ಲ, ಹಿತ್ತಲಲ್ಲಿ ಕೂತಿದ್ದೆ. ನನ್ನ ಎತ್ತರಕ್ಕೆ ಕಟ್ಟಿಸಿದ ಕಟ್ಟೆ ಅದು. ನೀನು ಬಂದ ಹೊಸದರಲ್ಲಿ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಸೌಟು ಆಡಿಸುತ್ತಿದ್ದೆ, ನೆನಪಿದೆಯಾ? ಇದು ಅಡುಗೆಮನೆಯೋ ಭಾಷಣದ ವೇದಿಕೆಯೋ ಅಂತ ನಾನು ಅಂದಿದ್ದಕ್ಕೆ, "ಭಾಷಣ ನೀವೇ ಮಾಡ್ತೀರಲ್ಲ ಅತ್ತೆ, ನಾನು ಬರೀ ನಿಂತಿರ್ತೀನಿ" ಅಂದೆ. ಆ ಮಣೆ ಅವಶೇಷದ ಅಡಿಯಲ್ಲಿ ಸಿಕ್ಕಿತು. ತೊಳೆದು ಇಟ್ಟಿದ್ದೇನೆ. ಇನ್ನು ಅದು ಯಾರಿಗೂ ಬೇಡ, ಆದರೂ ಬಿಸಾಡಲು ಕೈ ಬರಲಿಲ್ಲ.

ನೀನು ನಿನ್ನ ಗಂಡನ ಹತ್ತಿರ ಹೇಳಿ ಕಳಿಸಿದ ಮಾತು ನನ್ನ ಕಿವಿಯಲ್ಲೇ ಇದೆ ಮಗಳೇ. ಅಲ್ಲಿ ಹೊಸದಾಗಿ ಬರುವವರಿಗೆ ಹೊಲಿಗೆ ಹೇಳಿಕೊಡುವ ಕೆಲಸ ಇದೆಯಂತೆ, ಇರುವುದಕ್ಕೆ ಕೋಣೆಯೂ ಕೊಡುತ್ತಾರಂತೆ. "ಮನೆಗೆ ಬಂದ ದಿನ ಹಾಲು ನಾನೇ ಕಾಯಿಸ್ಬೇಕು. ಯಾರೂ ಕುರ್ಚಿ ತಳ್ಳಬಾರ್ದು, ಯಾರೂ ಪಾತ್ರೆ ಎತ್ತಿ ಕೊಡಬಾರ್ದು. ಆಗ್ಲಿಲ್ಲ ಅಂದ್ರೆ ಬಂದ ಗಾಡೀಲೇ ವಾಪಸ್ ಹೋಗ್ತೀನಿ. ನನ್ನ ಮನೇಲಿ ನಾನು ನೆಂಟಳ ಥರ ಕೂತು ಉಣ್ಣಲ್ಲ" ಅಂದೆಯಂತೆ. ನಿನ್ನ ಗಂಡ ಇದನ್ನು ನಗುತ್ತಾ ಹೇಳಿದ, ಹೇಳಿ ಮುಗಿಸುವಷ್ಟರಲ್ಲಿ ಮುಖ ಆ ಕಡೆ ತಿರುಗಿಸಿಕೊಂಡ. ನಾನು ನಗಲಿಲ್ಲ. ಅಂಗಿಯ ಒಂದು ತೋಳು ಕೂದಲೆಳೆಯಷ್ಟು ಏರುಪೇರಾಯಿತು ಅಂತ ಗಿರಾಕಿಗೆ ಒಪ್ಪಿಗೆಯಾದ ಅಂಗಿಯನ್ನೇ ಪೂರ್ತಿ ಬಿಚ್ಚಿ ಹೊಲಿದವಳು ನೀನು. ಹೋಗುತ್ತೇನೆ ಅಂದರೆ ಹೋಗುತ್ತೀಯ. ಪುಟ್ಟಿ ಇದ್ದಾಳೆ ಅಂತಲೂ ನೋಡುವುದಿಲ್ಲ, ಅವಳನ್ನೂ ಅಲ್ಲಿಗೇ ಕರೆಸಿಕೊಳ್ಳುತ್ತೀಯ.

ಅದಕ್ಕೇ ನನಗೆ ಈ ಕಟ್ಟೆಯ ಎತ್ತರದ ಚಿಂತೆ. ನಿನ್ನ ಮೊಣಕಾಲು ಅದರ ಅಡಿಗೆ ಹೋಗಬೇಕು, ಇಲ್ಲದಿದ್ದರೆ ಒಲೆ ಒಂದು ಮಾರು ದೂರದಲ್ಲಿ ಉಳಿಯುತ್ತದೆ. ಹಾಗಂತ ಎತ್ತರ ಮಾಡಿದರೆ ಭುಜ ಸೋಲುತ್ತದೆ, ಪಾತ್ರೆಯೊಳಗೆ ಕಾಣುವುದಿಲ್ಲ, ಮೊಣಕಾಲ ಮೇಲೆ ಒಂದು ಬೆರಳು ಜಾಗ ಬಿಟ್ಟರೆ ಸಾಕು ಅಂತ ನೀನೇ ಕಟ್ಟುನಿಟ್ಟು ಮಾಡಿದ್ದೀಯ. ನಿನ್ನ ಗಂಡ ಅಲ್ಲಿಗೆ ಬಂದಾಗ ಅಳೆದುಕೊಂಡು ಬರುತ್ತೇನೆ ಅಂದರೆ, "ಊರವರ ಅಳತೆಯೆಲ್ಲ ತಗೊಂಡವಳು ನಾನು, ನನ್ನ ಅಳತೆ ನೀವು ತಗೋತೀರಾ?" ಅಂತ ಕಳಿಸಿದೆ. ಆಮೇಲೆ ನೀನೇ ಅಳೆದು ಫೋನಿನಲ್ಲಿ ಹೇಳಿದ್ದು, ನೆಲದಿಂದ ಮೊಣಕಾಲಿನ ಮೇಲ್ಭಾಗಕ್ಕೆ ಇಪ್ಪತ್ತೈದು ಇಂಚು. ಅವನು ಅದನ್ನು ಅಲ್ಲೇ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ. ನಾನು ಪಕ್ಕದಲ್ಲಿ ನಿಂತು, ಎರಡು ಕಳೆದಿದ್ದಾಳಾ ಕೇಳು, ಕೇಳು ಅಂತ ಅವನ ತೋಳು ಜಗ್ಗುತ್ತಿದ್ದೆ. ಅವನು ಕೇಳಿದ. "ಕಳೆದೇ ಹೇಳ್ತಿರೋದು, ನಿಮ್ಮಮ್ಮಂಗೆ ಹೇಳಿ" ಅಂದೆಯಲ್ಲ, ಆಗ ನನಗೆ ಹೋದ ಜೀವ ಬಂತು.

ನಿನ್ನ ಆ ಹೊಲಿಗೆ ಟೇಪಿನ ತಲೆಯ ಎರಡು ಇಂಚು ಇಸ್ತ್ರಿಪೆಟ್ಟಿಗೆಯ ಅಡಿಗೆ ಸಿಕ್ಕಿ ಸುಟ್ಟು ಕರಕಲಾದಾಗಲೇ ಹೊಸದು ತೆಗೆದುಕೋ ಅಂದೆ. ಹೊಸ ಟೇಪು ಕೈಗೆ ಕೂರುವುದಿಲ್ಲ ಅಂತ, ಸುಟ್ಟಷ್ಟನ್ನು ಕತ್ತರಿಸಿ ಹಾಗೇ ಇಟ್ಟುಕೊಂಡೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಏನು ಅಳೆದರೂ ಎರಡು ಕಳೆಯುವುದು ಉಸಿರಾಡಿದ ಹಾಗೆ ಆಗಿಬಿಟ್ಟಿದೆ. ಅದರಲ್ಲಿ ಬಟ್ಟೆ ಅಳೆದು, ಎರಡು ಕಳೆಯದೆ ನಿನ್ನ ಗಂಡ ಕತ್ತರಿಸಿದ ಕಿಟಕಿಯ ಪರದೆ ಇವತ್ತಿಗೂ ಬೆಳೆದ ಹುಡುಗಿಯ ಹಳೇ ಲಂಗದ ಹಾಗೆ ಮೇಲೇ ನೇತಾಡುತ್ತಿದೆ. ಈಚೆಗೆ ನಾನೂ ಒಂದು ಫಜೀತಿ ಮಾಡಿಕೊಂಡೆ. ಮೇಸ್ತ್ರಿ ತನ್ನ ಕಬ್ಬಿಣದ ಟೇಪು ಹಿಡಿದು ಬಚ್ಚಲ ಬಾಗಿಲ ಅಗಲ ಹೇಳಿದ. ನಾನು ಮನಸ್ಸಿನಲ್ಲೇ ಎರಡು ಕಳೆದು, ಅಯ್ಯೋ ಗಾಲಿಕುರ್ಚಿ ಹೋಗುವುದಿಲ್ಲ ಅಂತ ಊಟ ಬಿಟ್ಟು ಕೂತೆ. ಸಂಜೆ ನಿನ್ನ ಗಂಡ ಬಂದು, "ಅಮ್ಮ, ಅವನ ಟೇಪು ಸುಟ್ಟಿಲ್ಲ" ಅಂದ ಮೇಲೆ ಅನ್ನ ಇಳಿಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನನ್ನ ಲೆಕ್ಕ ಇಷ್ಟೇ ಅನ್ನು. ನಿನ್ನ ಟೇಪನ್ನು ಬಟ್ಟೆಯ ಜೊತೆ ಚೀಲಕ್ಕೆ ಹಾಕಿ ಕಳಿಸಿದ್ದೇನೆ ಅಂತ ಅವನು ಹೇಳಿದ್ದಾನೆ. ಅದು ಜೊತೆಯಲ್ಲಿದ್ದರೆ ನಿನಗೂ ಒಂದು ಧೈರ್ಯ.

ಮೇಸ್ತ್ರಿ ನಿನ್ನ ಅಳತೆಗೆ ಒಂದು ಬೆರಳು ಸೇರಿಸಿ ಇಟ್ಟಿಗೆಯ ಎರಡು ಗಿಡ್ಡ ಗೋಡೆ ಎಬ್ಬಿಸಿದ್ದಾನೆ. ಅವುಗಳ ಮೇಲೆ ಕಲ್ಲಿನ ಹಾಸು ಕೂರಬೇಕು. ಕಲ್ಲು ಶುಕ್ರವಾರ ಬರುತ್ತದೆ. ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ, ಒಡೆದೇ ತೆಗೆಯಬೇಕು ಅಂತ ಮೇಸ್ತ್ರಿ ಹೇಳಿದ. ಮೊನ್ನೆ ಅವರೆಲ್ಲ ಹೋದ ಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಆ ಗೋಡೆಗಳ ಮೇಲೆ ಅಡ್ಡ ಹಲಗೆ ಹಾಕಿದೆ. ನಿನ್ನ ಗಾಲಿಕುರ್ಚಿಯಷ್ಟು ಎತ್ತರ ಬರಲಿ ಅಂತ ಪ್ಲಾಸ್ಟಿಕ್ ಕುರ್ಚಿಗೆ ದಿಂಬು, ನನ್ನ ಪಾದದಡಿಗೆ ಇಟ್ಟಿಗೆ ಇಟ್ಟುಕೊಂಡು ಕೂತು, ಪುಟ್ಟಿಯ ಕೈಲಿ ಹಿಂದಿನಿಂದ ತಳ್ಳಿಸಿಕೊಂಡೆ. ಮೊಣಕಾಲು ಹಲಗೆಗೆ ಠಕ್ ಅಂತ ಬಡಿಯಿತು. ನಿನ್ನ ಗಂಡ ನೋಡಿ, "ರೈಲು ನಿಲ್ದಾಣದ ಹೊರಗೇ ನಿಂತ್ಕೊಂಡ್ಬಿಡ್ತಲ್ಲಮ್ಮ" ಅಂದ. ಆಮೇಲೆ, "ನೀನು ಉದ್ದ, ಅವಳು ಗಿಡ್ಡಿ, ಅವಳಿಗೆ ಸರಿಹೋಗುತ್ತೆ" ಅಂತ ಸಮಾಧಾನ ಹೇಳಿದ. ಸಮಾಧಾನ ಆಯಿತು. ಪಾತ್ರೆ ತೊಳೆಯಲು ಕೂತಾಗ ಮತ್ತೆ ಹೋಯಿತು.

ಇನ್ನೊಂದು ವಿಷಯ. ಪಾತ್ರೆ ತೊಳೆಯುವ ಸಿಂಕಿನ ಅಡಿಯಲ್ಲಿ ಬಿಸಿನೀರಿನ ಪೈಪು ಬರುತ್ತದೆ. ನಿನ್ನ ಕಾಲಿಗೆ ತಾಗಿ ಸುಟ್ಟರೂ ನಿನಗೆ ಗೊತ್ತಾಗದಲ್ಲ ತಾಯಿ, ಅದನ್ನು ನೆನೆದರೆ ನನಗೆ ನನ್ನ ಕಾಲು ಉರಿಯುತ್ತದೆ. ಕೊಳಾಯಿಯವನಿಗೆ ಹೇಳಿದೆ. "ಇಲ್ಲಿವರೆಗೂ ಯಾರೂ ಹೀಗೆ ಕೇಳಿಲ್ಲಮ್ಮ" ಅಂದ. ಈಗ ನಾನು ಕೇಳುತ್ತಿದ್ದೇನಲ್ಲ ಅಂದೆ. ಪೈಪನ್ನು ಹಿಂದಿನ ಗೋಡೆಗೆ ಒತ್ತಿ ಕೂರಿಸಿ, ಮೇಲೆ ದಪ್ಪ ಹೊದಿಕೆ ಸುತ್ತಿದ್ದಾನೆ. ನಾನು ದಿನಾ ಮುಟ್ಟಿ ನೋಡುತ್ತೇನೆ, ಬಿಸಿ ಇಲ್ಲ. ಬಿಸಿನೀರಿನ ಕನೆಕ್ಷನ್ನೇ ಇನ್ನೂ ಕೊಟ್ಟಿಲ್ಲ ಅಂತ ಇವತ್ತು ಗೊತ್ತಾಯಿತು. ಕೊಟ್ಟ ಮೇಲೆ ಮತ್ತೆ ನೋಡುತ್ತೇನೆ.

ನನ್ನ ಬೆನ್ನಿನ ಬಗ್ಗೆ ನೀನು ಯೋಚಿಸಬೇಡ. ಕಟ್ಟೆ ಗಿಡ್ಡವಾದರೆ ಅತ್ತೆ ಬಗ್ಗಬೇಕಾಗುತ್ತೆ ಅಂತ ನೀನು ಅಂದೆಯಂತೆ. ನಾನು ಸ್ಟೂಲಿನ ಮೇಲೆ ಕೂತು ಅಡುಗೆ ಮಾಡುವುದನ್ನು ಈಗಲೇ ರೂಢಿ ಮಾಡಿಕೊಂಡಿದ್ದೇನೆ. ಮೊದಲು ಯಾಕೆ ಹೊಳೆಯಲಿಲ್ಲವೋ, ಸುಖವಾಗಿದೆ. ನೀನು ಒಂದು ಕಡೆ, ನಾನು ಒಂದು ಕಡೆ, ಇಬ್ಬರೂ ಕೂತೇ ಜಗಳ ಆಡಬಹುದು.

ಮೇಸ್ತ್ರಿಯ ಸೈಕಲ್ ಸದ್ದು ಕೇಳಿಸಿತು, ಇಲ್ಲಿಗೆ ನಿಲ್ಲಿಸುತ್ತೇನೆ. ನಾಳೆ ನಿನ್ನ ಗಂಡ ಅಲ್ಲಿಗೆ ಬರುವಾಗ ಇದನ್ನು ತರುತ್ತಾನೆ. ಫೋನು ಕಿವಿಗಿಟ್ಟರೆ ನನಗೆ ಎಲ್ಲಾ ಮರೆತುಹೋಗಿ, ಊಟ ಆಯ್ತಾ ಅಂತ ಎರಡು ಸಲ ಕೇಳಿ ಪುಟ್ಟಿಗೆ ಕೊಟ್ಟುಬಿಡುತ್ತೇನೆ, ಅದಕ್ಕೇ ಕಾಗದ. ಹೊತ್ತಿಗೆ ಸರಿಯಾಗಿ ಉಣ್ಣು. ಆ ನರ್ಸಮ್ಮನಿಗೆ ನಾನು ಕೇಳಿದೆ ಅಂತ ಹೇಳು, ಮಗ್ಗುಲು ಬದಲಿಸುವುದನ್ನು ಮರೆಯದಿರಲಿ. ನಿನ್ನ ಕೈಗೆ, ತೋಳಿಗೆ ದೇವರು ಇನ್ನಷ್ಟು ಬಲ ಕೊಡಲಿ. ಪುಟ್ಟಿ ಕಾಗದದ ಮೂಲೆಯಲ್ಲಿ ಮುತ್ತು ಕೊಟ್ಟಿದ್ದಾಳೆ, ಆ ಕಲೆ ಅದೇ.

ನಿನ್ನ ದಾರಿ ಕಾಯುತ್ತಿರುವ
ಅತ್ತೆ

ತಾ.ಕ.: ಇದನ್ನು ಸಂಜೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೇಜಾರು ಮಾಡಬೇಡ. ಲಕೋಟೆಗೆ ಅಂಟು ಬೇಕಿತ್ತು. ಮಿಶನ್ನಿನ ಡ್ರಾಯರಿನಲ್ಲಿ ಇರುತ್ತದೆ ಅಂತ ಬೆಡ್‌ಶೀಟು ಸರಿಸಿ ತೆಗೆದೆ. ಬಾಬಿನ್ನುಗಳ ಕೆಳಗೆ ನಿನ್ನ ಟೇಪು ಸುರುಳಿ ಸುತ್ತಿಕೊಂಡು ಮಲಗಿದೆ. ಅದೇ ಟೇಪು, ಬಿಚ್ಚಿ ನೋಡಿದೆ, ಎರಡರಿಂದಲೇ ಶುರು. ಚೀಲಕ್ಕೆ ಹಾಕಿದ್ದೇನೆ ಅಂದಿದ್ದ ನಿನ್ನ ಗಂಡ ಈಗ "ಹಾಕಿದ ಹಾಗೆ ನೆನಪು" ಅನ್ನುತ್ತಿದ್ದಾನೆ. ಹಾಗಾದರೆ ನೀನು ಅಳೆದದ್ದು ಯಾವ ಟೇಪಿನಲ್ಲಿ ಮಗಳೇ? ಅಲ್ಲಿಯ ನೆಟ್ಟಗಿರುವ ಟೇಪಿನಲ್ಲಿ ಅಳೆದು, ರೂಢಿಯ ಮೇಲೆ ಎರಡು ಕಳೆದುಬಿಟ್ಟೆಯಾ, ನಾನು ಬಾಗಿಲಿಗೆ ಕಳೆದ ಹಾಗೆ? ಹಾಗಿದ್ದರೆ ನಿನ್ನ ಮೊಣಕಾಲು ಇಪ್ಪತ್ತೇಳಕ್ಕಿದೆ, ಗೋಡೆ ಅದಕ್ಕಿಂತ ಕೆಳಗಿದೆ. ನನ್ನ ಮೊಣಕಾಲು ಬಡಿದದ್ದು ನಾನು ಉದ್ದ ಇರುವುದಕ್ಕಲ್ಲ.

ಮೇಸ್ತ್ರಿಗೆ, ಶುಕ್ರವಾರ ಕಲ್ಲು ಬಂದರೂ ನಾನು ಹೇಳುವವರೆಗೆ ಕೂರಿಸಬೇಡ ಅಂದೆ. ಆಯ್ತಮ್ಮ ಅಂದ. ಯಾವ ಆಯ್ತೋ ಗೊತ್ತಿಲ್ಲ, ಅದಕ್ಕೆ ಅವನು ಸಿಮೆಂಟು ಹಚ್ಚುವ ಕರಣೆಯನ್ನು ತಂದು ನನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ. ಗೋಡೆ ಏರಿಸುವುದು ಈಗಾದರೆ ಕಷ್ಟವಿಲ್ಲವಂತೆ.

ಲಕೋಟೆಯೊಳಗೆ ಒಂದು ದಾರ ಇದೆ, ನಿನ್ನ ದಪ್ಪ ದಾರದ ಉಂಡೆಯಿಂದಲೇ ತೆಗೆದದ್ದು. ಗಾಲಿಕುರ್ಚಿಯಲ್ಲಿ ಕೂತು, ಪಾದ ಅದರ ಹಲಗೆಯ ಮೇಲಿಟ್ಟು, ದಾರದ ಒಂದು ತುದಿ ನೆಲಕ್ಕೆ ತಾಗುವ ಹಾಗೆ ಹಿಡಿದುಕೊಳ್ಳಲು ನಿನ್ನ ಗಂಡನಿಗೆ ಹೇಳು. ಇಷ್ಟಕ್ಕಾದರೂ ಅವನನ್ನು ಬಗ್ಗಲು ಬಿಡು. ಮೊಣಕಾಲಿನ ಮೇಲ್ಭಾಗಕ್ಕೆ ಸರಿಯಾಗಿ ನೀನು ಗಂಟು ಹಾಕು. ಸಂಖ್ಯೆ ಬರೆಯಬೇಡ, ಸಂಖ್ಯೆ ಕಂಡರೆ ಈ ಮನೆಯಲ್ಲಿ ಯಾರಾದರೂ ಎರಡು ಕಳೆದೇ ಕಳೆಯುತ್ತಾರೆ. ದಾರವನ್ನು ಅವನ ಜೇಬಿಗೆ ಹಾಕಬೇಡ, ಅವನು ಹಾಕಿಕೊಂಡ ಹಾಗೆ ನೆನಪು ಅನ್ನುವವನು, ಕೈಗೆ ಕಟ್ಟಿ ಕಳಿಸು. ಹಾಲಿನ ಪಾತ್ರೆ ತಿಕ್ಕಿ ಕೆಳಗಿನ ಗೂಡಿನಲ್ಲಿ ನಿನ್ನ ಕೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಗಂಟು ಬಿಗಿದ ಮೇಲೆ ದಾರವನ್ನು ಇನ್ನೊಂದು ಸಲ ನೆಲದಿಂದ ಹಿಡಿದು ನೋಡು.