ಯಾವ ಬಸ್ಸಿಗಾದರೂ ನಡೆಯುವ ಟಿಕೆಟ್

ಅಪ್ಪಾ,

ಟಿಕೆಟ್ ಮೇಜಿನ ಮೇಲೆ ಅಮ್ಮನ ಕನ್ನಡಕದ ಕೆಳಗಿದೆ. ಅದು ಈ ದಾರಿಯಲ್ಲಿ ಓಡುವ ಮೂರೂ ಕಂಪನಿಗಳ ಬಸ್ಸಿಗೆ ನಡೆಯುತ್ತದೆ. ಮೊದಲು ಬಂದದ್ದನ್ನು ಹತ್ತಿ.

ನಿನ್ನೆ ನಿಮ್ಮ ಹಳೇ ಕಂಪನಿಯ ಕೆಂಪು ಬಸ್ಸೇ ಬೇಕೆಂದು ಉಳಿದವರ ಬಸ್ಸುಗಳನ್ನೆಲ್ಲ ಬಿಟ್ಟಿರಿ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಹೊತ್ತು ಮುಗಿದು ಬಾಗಿಲು ಹಾಕಿದ ಮೇಲೆ ಬಂದಿರಿ. ‘ಬಸ್ಸು ಕೆಟ್ಟಿತ್ತಂತೆ’ ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಇವತ್ತು ಹತ್ತಕ್ಕೆ ಅವಳ ಆಪರೇಷನ್. ಇವತ್ತೂ ನೀವು ಬರದಿದ್ದರೆ, ನಿಜ ಹೇಳಿಯೇ ಅವಳನ್ನು ಒಳಗೆ ಕಳಿಸುತ್ತೇನೆ.

ಉಪ್ಪಿನ ಋಣ ಎನ್ನಬೇಡಿ. ಇಷ್ಟು ವರ್ಷ ಸ್ಟಿಯರಿಂಗ್ ಹಿಡಿದಿದ್ದಕ್ಕೆ ಆ ಕಂಪನಿ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಅದೂ ನಿಂತಿದೆ, ಅದನ್ನು ನಂಬಿ ಕೂರಬೇಡಿ.

ಹಾಲು ಬಿಸಿ ಮಾಡಿಕೊಳ್ಳಿ. ಗ್ಯಾಸ್ ಆರಿಸಿದ್ದೀರಾ ಎಂದು ಎರಡು ಸಲ ನೋಡಿ.

ಬರುವಾಗ ಕನ್ನಡಕ ತನ್ನಿ. ಬರದಿದ್ದರೆ ಅದೂ ಮನೆಯಲ್ಲೇ ಇರಲಿ. ಅಮ್ಮನಿಗೆ ನೋಡಬೇಕಾಗಿರುವುದು ನಿಮ್ಮೊಬ್ಬರನ್ನೇ.