ಉಲ್ಟಾ ಸುತ್ತಿದ ಬಳ್ಳಿ

ಅಕ್ಕನ ಮನೆ
ಗುರುವಾರ, ಮಧ್ಯಾಹ್ನ

ಏನೂಂದ್ರೆ,

ಹೀಗೇ ಶುರು ಮಾಡುತ್ತೇನೆ. ಬೇರೆ ಇರಲು ಬಂದ ಮೇಲೆ ಗಂಡನನ್ನು ಕಾಗದದಲ್ಲಿ ಏನೆಂದು ಕರೆಯಬೇಕೋ ಯಾರೂ ಹೇಳಿಕೊಟ್ಟಿಲ್ಲ.

ನಿಮ್ಮ ಪತ್ರ ತಲುಪಿತು. ಬಳ್ಳಿಯ ಅಚ್ಚು ಕೆಟ್ಟದ್ದು ನಿಮ್ಮ ಕೈಯಿಂದಲೇ, ಇನ್ನು ನಿಮ್ಮ ತಲೆ ಓಡುವುದಿಲ್ಲ, ಉಳಿಗಳನ್ನೆಲ್ಲ ಪಕ್ಕದ ಬಡಗಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೀರಂತೆ. ಓದಿ ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಕೂರುವಷ್ಟು ತ್ರಾಣ ಇರಲಿಲ್ಲ, ಹೋಗಿ ಮಲಗಿದೆ.

ಗಿಡಗಳ ಪುಸ್ತಕ ಮಾಡಿಸುತ್ತಿರುವ ಮೇಡಂ ಇಲ್ಲಿಗೂ ಬಂದಿದ್ದರು. ನಿಮ್ಮ ಮರದಚ್ಚಿನ ಕಾಂಡ, ಎಲೆ. ಅದರ ಮೇಲೆ ನನ್ನ ಅಳಿಲು ಕೂದಲಿನ ಕುಂಚದ ಹೂವು, ಕೇಸರ, ನವಿರು ರೋಮ. ಹಾಳೆಯನ್ನು ಕುಂಡದ ಬಳ್ಳಿಯ ಪಕ್ಕ ಹಿಡಿದು ನೋಡಿದರು. ನಿಜವಾದ ಬಳ್ಳಿ ಕೋಲನ್ನು ಬಲಕ್ಕೆ ಸುತ್ತಿತ್ತು, ನಮ್ಮದು ಎಡಕ್ಕೆ. ಹೂವೇನೋ ಚೆನ್ನಾಗಿದೆ ಕಣ್ರೀ, ಆದ್ರೆ ಇಂಥ ಬಳ್ಳಿ ಭೂಮಿ ಮೇಲೇ ಇಲ್ವಲ್ಲ ಅಂದರು. ಕಾಂಡ, ಎಲೆಯನ್ನು ಇನ್ನು ಯಂತ್ರದಲ್ಲೇ ಅಚ್ಚು ಹಾಕಿಸೋಣ ಎಂದೂ ಅಂದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಈಗ ಕೇಳಿ. ತಪ್ಪು ನಿಮ್ಮದಲ್ಲ. ನಾನು ಕಳಿಸಿದ ಚಿತ್ರವನ್ನು ನೀವು ಯಾವಾಗಲೂ ಎಡ ಬಲವಾಗುವಂತೆ ತಿರುವಿ ಮರಕ್ಕೆ ಇಳಿಸುತ್ತೀರಿ. ಹಾಗೆ ಮಾಡಿದರೇ ಹಾಳೆಯ ಮೇಲೆ ಅದು ಸರಿಯಾಗಿ ಬೀಳುವುದು. ಈ ಸಲ ನಾನೇ ತಿರುವಿ ಬಿಡಿಸಿ ಕಳಿಸಿದೆ. ನಿಮಗೆ ಭುಜ ಎತ್ತಲಾಗುತ್ತಿಲ್ಲ ಎಂದು ನಿಮ್ಮ ತಂಗಿ ಫೋನಿನಲ್ಲಿ ಹೇಳಿದ್ದಳು. ಒಂದು ಕೆಲಸವಾದರೂ ತಪ್ಪಲಿ ಎಂದುಕೊಂಡೆ. ನಿಮಗೆ ಹೇಳಲು ಬಿಗುಮಾನ. ನೀವು ಎಂದಿನಂತೆ ಇನ್ನೊಮ್ಮೆ ತಿರುವಿದಿರಿ.

ಅಚ್ಚಾದ ಹಾಳೆ ಬಂದ ದಿನವೇ ನನಗೆ ಗೊತ್ತಾಗಿತ್ತು. ಹೇಳಿದರೆ ನಿಮ್ಮ ಭುಜದ ಚಿಂತೆ ನನಗಿದೆಯೆಂದು ಗೊತ್ತಾಗಿಬಿಡುತ್ತಿತ್ತಲ್ಲ! ಅದಕ್ಕೇ ತುಟಿ ಪಿಟಕ್ಕೆನ್ನದೆ ಆ ಉಲ್ಟಾ ಬಳ್ಳಿಗೇ ರೋಮ ಬಿಡಿಸುತ್ತಾ ಕೂತೆ. ಎಂಥ ಹುಚ್ಚು ನೋಡಿ. ಕಣ್ಣೂ ನೋವು, ಬೆನ್ನೂ ನೋವು, ಕೊನೆಗೆ ಹಾಳೆಯೂ ದಂಡ.

ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಕ್ಕುಬಿಟ್ಟರು. ಗಂಡ ಹೆಂಡತಿ ಒಂದು ಮಾತು ಆಡಿಕೊಂಡಿದ್ರೆ ಆಗ್ತಿರಲಿಲ್ವೇನ್ರೀ ಎಂದು ಕೇಳಿದರು. ನಮ್ಮ ಕಥೆ ಅವರಿಗೆ ಗೊತ್ತಿಲ್ಲ, ಪಾಪ. ಹೊಸ ಅಚ್ಚು ಮಾಡಿ ತೋರಿಸಿ, ಆಮೇಲೆ ಯಂತ್ರದ ಮಾತು ಎಂದಿದ್ದಾರೆ.

ಆದ್ದರಿಂದ ಉಳಿಗಳನ್ನು ಕೊಡಬೇಡಿ. ಕೊಟ್ಟಾಗಿದ್ದರೆ ನಾಚಿಕೆ ಬಿಟ್ಟು ಹೋಗಿ ಇಸಿದುಕೊಳ್ಳಿ. ಬಳ್ಳಿಯ ಚಿತ್ರ ಇದರ ಜೊತೆಗಿದೆ. ಈ ಸಲ ನಾನು ತಿರುವಿಲ್ಲ, ನೀವೇ ತಿರುವಬೇಕು. ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ.

ಇಂತಿ,
ನೀವೇ ಹೆಸರಿಟ್ಟ
ಅಳಿಲು

ತಾ.ಕ.: ನಿಮ್ಮ ಕೊಡತಿಯ ಸದ್ದಿಗೆ ನನ್ನ ಗೆರೆ ನಡುಗುತ್ತದೆಂದು ಜಗಳವಾಡಿಯೇ ತಾನೇ ನಾನು ಹೊರಟು ಬಂದದ್ದು? ಅಕ್ಕನ ಮನೆಯಲ್ಲಿ ಒಂದು ಸದ್ದಿಲ್ಲ. ನಾನು ಕುಂಚ ಹಿಡಿದರೆ ಬಾಗಿಲನ್ನೂ ಮೆಲ್ಲಗೆ ಹಾಕುತ್ತಾರೆ. ಗೆರೆ ಇಲ್ಲೂ ನಡುಗುತ್ತದೆ.